ಮಾಮಾ ಕೆರೂಬೋ ಮತ್ತು ಗೇಟಿನ ಮೇಜು

ಶಾಪಿಂಗ್ ಮಾಲಿನ ಬಾಗಿಲಲ್ಲಿ ಕಾವಲಿನವನು ಕೇಳುವ ಮೊದಲೇ ನಾನು ಚೀಲದ ಬಾಯಿ ಅಗಲಿಸಿ ಹಿಡಿಯುತ್ತೇನೆ. ಮೊಮ್ಮಗಳು ದಿಯಾಗೆ ಇದು ದೊಡ್ಡ ಅವಮಾನ. "ಅಜ್ಜಿ, ಹಿ ಡಿಡಂಟ್ ಈವನ್ ಆಸ್ಕ್" ಎಂದು ಸೆರಗು ಎಳೆಯುತ್ತಾಳೆ. ಕನ್ನಡ ಅವಳಿಗೆ ಕಿವಿಯವರೆಗೆ ಬರುತ್ತದೆ, ಬಾಯಿಗೆ ಬರುವುದಿಲ್ಲ. ಕೇಳದಿದ್ದರೇನಂತೆ, ತೋರಿಸಿದರೆ ನನ್ನದೇನು ಗಂಟು ಹೋಗುತ್ತದೆ? ಚೀಲದಲ್ಲಿರುವುದು ಎಲೆಅಡಿಕೆ, ಸುಣ್ಣದ ಡಬ್ಬಿ, ಮಂಡಿಗೆ ಹಚ್ಚುವ ಮುಲಾಮು, ಕನ್ನಡಕ ಒರೆಸಲು ಅಳಿಯನ ಹಳೇ ಬನೀನಿನ ಚೂರು. ಇದನ್ನು ಕದಿಯುವವನೂ ಇಲ್ಲ, ಕದ್ದದ್ದು ಎನ್ನುವವನೂ ಇಲ್ಲ.

ನೈರೋಬಿಯಲ್ಲಿ ಈಗೀಗ ಯಾವ ದೊಡ್ಡ ಅಂಗಡಿಗೆ ಹೋದರೂ ಎಲ್ಲರ ಚೀಲವನ್ನೂ ನೋಡುತ್ತಾರೆ. ಮಂತ್ರಿಯ ಹೆಂಡತಿಯದ್ದನ್ನೂ ನೋಡುತ್ತಾರೆ, ಅವಳ ಮನೆಯಲ್ಲಿ ಪಾತ್ರೆ ತೊಳೆಯುವವಳದ್ದನ್ನೂ ನೋಡುತ್ತಾರೆ. ಎಲ್ಲರದ್ದನ್ನೂ ನೋಡಿದರೆ ಅದು ಕಾವಲು. ಕೆಲವರದ್ದನ್ನು ಮಾತ್ರ ನೋಡಿದರೆ ಅದು ಬೈಗುಳ. ಈ ಮಾತು ನನ್ನದಲ್ಲ. ಇಷ್ಟು ಚೆನ್ನಾಗಿ ಮಾತಾಡುವುದಕ್ಕೆ ನನಗೆ ಬರುವುದೂ ಇಲ್ಲ. ಇದು ಮಾಮಾ ಕೆರೂಬೋ ಹೇಳಿದ್ದು. ಇಲ್ಲಿ ಮಾಮಾ ಎಂದರೆ ಅಮ್ಮ. ಮಾಲಿನ ಬಾಗಿಲಿಗೆ ಬಂದಾಗಲೆಲ್ಲ ಮುಂದಿನ ಹಲ್ಲಿಲ್ಲದ ಆ ಮುದುಕಿಯ ನೆನಪಾಗುತ್ತದೆ.

ನಮ್ಮ ಕನ್ನಡದವರು ಸೇರಿ ವರ್ಷಕ್ಕೊಂದು ಸಂಚಿಕೆ ತರುತ್ತಾರೆ. ಅದಕ್ಕೆ ಏನಾದರೂ ಬರೆದುಕೊಡಿ ಎಂದರು. ಬಿಸಿಬೇಳೆಬಾತಿನ ಪುಡಿಯ ಬಗ್ಗೆ ಬರೆಯುತ್ತೇನೆಂದು ಅವರು ತಿಳಿದಿದ್ದರೋ ಏನೋ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ತಪ್ಪಿದರೆ ಮಗಳು ಸುಮತಿ ತಿದ್ದುತ್ತಾಳೆ. ಅಕ್ಷರ ತಿದ್ದು, ಅಭಿಪ್ರಾಯ ತಿದ್ದಬೇಡ ಎಂದು ಅವಳಿಗೆ ಮೊದಲೇ ಹೇಳಿದ್ದೇನೆ.

ಕೆರೂಬೋ ಯಾರು ಎಂದು ಈ ದೇಶದಲ್ಲಿ ಮನೆಗೆಲಸ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮ ಕನ್ನಡದ ಮನೆಗಳಲ್ಲಿ ಕೇಳಿದರೆ ಮಾತ್ರ, "ಯಾರೋ ಹೋರಾಟಗಾರ್ತಿ ಅಂತೆ" ಎನ್ನುತ್ತಾರೆ. ಹೋರಾಟ ಎಂದರೆ ಕೈ ಎತ್ತಿ ಕೂಗುವುದು ಎಂದು ನಾನೂ ತಿಳಿದುಕೊಂಡಿದ್ದೆ. ಅವಳು ಕೂಗಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ಅವಳು ಬಂದು ಕೂರುತ್ತಿದ್ದಳು, ಅಷ್ಟೆ. ಕುರ್ಚಿ ಕೊಟ್ಟರೆ ಕುರ್ಚಿಯ ಮೇಲೆ, ಕೊಡದಿದ್ದರೆ ಕಲ್ಲಿನ ಮೇಲೆ. ಕೂತು, ಎದುರಿನವರು ಉತ್ತರ ಕೊಡಲಾಗದ ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಏಳುತ್ತಿರಲಿಲ್ಲ.

ಅವಳು ನಮ್ಮ ಗೇಟಿಗೆ ಬಂದದ್ದು ಒಂದು ಓಲೆಯ ದೆಸೆಯಿಂದ.

ನಾವಿರುವುದು ರಿವರ್‌ಸೈಡಿನ ಅಪಾರ್ಟ್‌ಮೆಂಟಿನಲ್ಲಿ. ಸುಮತಿಗೆ ಅಪ್ಪರ್ ಹಿಲ್ಲಿನಲ್ಲಿ ಆಫೀಸು, ಅಳಿಯನಿಗೆ ಎಂಬಕಸಿಯ ವಿಮಾನ ನಿಲ್ದಾಣದ ಹತ್ತಿರ ಸರಕು ಕಳಿಸುವ ಕೆಲಸ. ಇಬ್ಬರೂ ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮನೆಯಲ್ಲಿ ನಾನು ಮತ್ತು ಕೆಲಸಕ್ಕೆ ಬರುವ ನಫೂಲಾ. ಅವಳು ವಿಧವೆ, ನಾನೂ ವಿಧವೆ. ಅವಳಿಗೆ ಸಣ್ಣ ಮಕ್ಕಳಿದ್ದವು, ನನಗೆ ಮಂಡಿನೋವಿತ್ತು. ಹೊಂದಿಕೊಂಡು ಹೋಗುತ್ತಿದ್ದೆವು. ಅವಳು ನನ್ನನ್ನು ನ್ಯಾನ್ಯಾ ಎನ್ನುತ್ತಾಳೆ. ಸ್ವಾಹಿಲಿಯಲ್ಲಿ ಹಾಗೆಂದರೆ ಅಜ್ಜಿ, ಟೊಮೇಟೊಗೂ ಅದೇ ಹೆಸರು. ಮೊದಮೊದಲು ಅವಳು ಅಡುಗೆಮನೆಯಲ್ಲಿ "ನ್ಯಾನ್ಯಾ" ಎಂದಾಗ ಫ್ರಿಜ್ಜು ತೆಗೆಯಬೇಕೋ ನಾನು ಏಳಬೇಕೋ ತಿಳಿಯುತ್ತಿರಲಿಲ್ಲ.

ಮೇಲಿನ ಮಹಡಿಯ ಯಾರದೋ ವಜ್ರದ ಓಲೆ ಕಳೆಯಿತು. ಆಮೇಲೆ ಅದು ಅವರದೇ ರೇಷ್ಮೆ ಸೀರೆಯ ಮಡಿಕೆಯಲ್ಲಿ ಸಿಕ್ಕಿತು, ಆ ಮಾತು ಬೇರೆ. ಸಿಕ್ಕುವುದರೊಳಗೆ ಅಪಾರ್ಟ್‌ಮೆಂಟಿನ ಕಮಿಟಿಯವರು ಗೇಟಿನ ಪಕ್ಕ ಒಂದು ಮರದ ಮೇಜು ಹಾಕಿಸಿಯಾಗಿತ್ತು. ಸಂಜೆ ಮನೆಗೆ ಹೋಗುವ ಕೆಲಸದವರೆಲ್ಲ ಅದರ ಮೇಲೆ ಚೀಲ ಸುರಿದು ತೋರಿಸಿ ಹೋಗಬೇಕು. ಓಲೆ ಸಿಕ್ಕಿತು, ಮೇಜು ಹೋಗಲಿಲ್ಲ. ಇಟ್ಟದ್ದನ್ನು ಯಾಕೆ ತೆಗೆಯಬೇಕು ಎನ್ನುವವರೇ ಲೋಕದಲ್ಲಿ ಹೆಚ್ಚು.

ಕಮಿಟಿಯ ಅಧ್ಯಕ್ಷ ನಮ್ಮವನೇ, ಶ್ರೀಧರ. ಮೈಸೂರಿನವನು, ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರು. ಕೆಟ್ಟವನಲ್ಲ. ಹಬ್ಬಕ್ಕೆ ಬಂದು ಕಾಲಿಗೆ ಬೀಳುತ್ತಾನೆ, ನನಗೆ ಜ್ವರ ಬಂದರೆ ಅವನೇ ಮಾತ್ರೆ ತಂದುಕೊಡುತ್ತಾನೆ. ಆದರೆ ಕಾರ್ಖಾನೆಯಲ್ಲಿ ಗೇಟು ನೋಡಿನೋಡಿ ಅವನಿಗೆ ಮನುಷ್ಯರು ಎರಡು ಜಾತಿಯಾಗಿ ಕಾಣುತ್ತಿದ್ದರು. ತೋರಿಸಿ ಹೋಗುವವರು ಒಂದು, ತೋರಿಸದೆ ಹೋಗುವವರು ಇನ್ನೊಂದು.

ಒಂದು ಸಂಜೆ ಗೇಟಿನಿಂದ ಇಂಟರ್‌ಕಾಂ ಬಂತು. ನಫೂಲಾಳ ಡಬ್ಬಿಯಲ್ಲಿ ಹಳದಿ ಅನ್ನ ಇದೆ, ನೀವು ಕೊಟ್ಟದ್ದೋ ಅವಳು ತೆಗೆದುಕೊಂಡದ್ದೋ ಎಂದು ಕಾವಲಿನ ಓಟಿಯೆನೋ ಕೇಳಿದ. ಪಾಪ, ಅವನಿಗೂ ಕೇಳುವುದಕ್ಕೆ ಮುಖವಿರಲಿಲ್ಲ, ಕೇಳಲು ಹೇಳಿದ್ದರು. ನಾನು ಚಿತ್ರಾನ್ನಕ್ಕೆ ಸಾಕ್ಷಿ ಹೇಳಿದೆ. ಮಾರನೆಯ ದಿನದಿಂದ ನಫೂಲಾ ನಾನು ಏನು ಕೊಟ್ಟರೂ ಬೇಡವೆಂದಳು. ಮಕ್ಕಳಿಗೆ ಕೊಟ್ಟ ಬಾಳೆಹಣ್ಣನ್ನೂ ಇಲ್ಲೇ ತಿಂದು ಸಿಪ್ಪೆ ಎಸೆದು ಹೋದಳು.

ಇದು ನನಗೆ ಯಾಕೆ ಅಷ್ಟು ತಾಗಿತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ನನ್ನ ಊರು ಚನ್ನಪಟ್ಟಣದ ಹತ್ತಿರ. ಮೂರನೇ ಕ್ಲಾಸು ಬಿಡಿಸಿ ನನ್ನನ್ನು ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಗೆ ಹಾಕಿದರು. ಬಿಸಿನೀರಿನಲ್ಲಿ ರೇಷ್ಮೆಗೂಡು ಕುದಿಯುತ್ತಿರುತ್ತದೆ, ಅದರೊಳಗೆ ಕೈ ಹಾಕಿ ಎಳೆಯ ತುದಿ ಹುಡುಕಬೇಕು. ಬೆರಳು ಬೆಂದು ಬಿಳಚಿಕೊಂಡು ನೆನೆಸಿದ ಅವರೆಕಾಳಿನ ಹಾಗೆ ಆಗುತ್ತಿದ್ದವು. ಸತ್ತ ಹುಳುವಿನ ವಾಸನೆ ಭಾನುವಾರ ತಲೆಗೆ ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಎದ್ದು ಹೋಗುತ್ತಿದ್ದರು, ನಮಗೆ ಎರಡು ಸೀಟು ಸಿಗುತ್ತಿತ್ತು. ಅದನ್ನು ನಾನು ಕಷ್ಟ ಎಂದು ಹೇಳುವುದಿಲ್ಲ. ಎಲ್ಲರೂ ಮಾಡುತ್ತಿದ್ದರು, ಮಾಡಿದೆ.

ಆದರೆ ಸಂಜೆ ಬಿಡುವಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿರುತ್ತಿದ್ದಳು. ಜಡೆ ಬಿಚ್ಚಿ, ಗಂಟು ಬಿಚ್ಚಿ, ಕೂದಲೊಳಗೆ ನೂಲು ಸುತ್ತಿಕೊಂಡಿದ್ದೀವಾ ಎಂದು ಬೆರಳಾಡಿಸಿ ನೋಡುವುದು ಅವಳ ಕೆಲಸ. ನಾವು ಲಂಗ ಕೊಡವಬೇಕು. ಮಾಲೀಕನ ಹೆಂಡತಿ ಮಕ್ಕಳು ಅದೇ ಬಾಗಿಲಲ್ಲಿ ನೂಲಿನ ಲಡಿ ಹಿಡಿದುಕೊಂಡೇ ಓಡಾಡುತ್ತಿದ್ದರು, ಅವರ ಜಡೆ ಯಾರೂ ಬಿಚ್ಚಲಿಲ್ಲ. ಆ ಹೆಂಗಸಿನ ಹೆಸರು ಚೌಡಮ್ಮ. ನನ್ನ ಮದುವೆಯ ದಿನ ಜಡೆ ಹಾಕಲು ಬಂದವಳು ಹಿಂದಿನಿಂದ ಕೂದಲಿಗೆ ಕೈ ಹಾಕಿದಾಗ ನಾನು ಅವಳ ಕೈಗೆ ಹೊಡೆದುಬಿಟ್ಟಿದ್ದೆ. ಹುಡುಗಿಗೆ ಗಾಳಿ ಸೋಕಿದೆ ಎಂದು ನಿಂಬೆಹಣ್ಣು ನಿವಾಳಿಸಿದರು. ಇವತ್ತಿಗೂ ನನ್ನ ತಲೆಯನ್ನು ನಾನೇ ಬಾಚಿಕೊಳ್ಳುವುದು.

ಇರಲಿ, ಮಾತು ಎಲ್ಲಿಗೋ ಹೋಯಿತು. ಕೆಲಸದವರಲ್ಲಿ ಯಾರೋ ಕೆರೂಬೋಗೆ ಸುದ್ದಿ ಮುಟ್ಟಿಸಿದ್ದರು. ಎಂಬತ್ತು ದಾಟಿದ ಮುದುಕಿ, ಎಂಬಕಸಿಯ ಮನೆಯಿಂದ ಎರಡು ಮಟಾಟು ಬದಲಾಯಿಸಿ ಆ ಕಿಕ್ಕಿರಿದ ವ್ಯಾನುಗಳಲ್ಲಿ ಬಂದು, ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಳು. ನಾನು ಸಂಜೆಯ ಅಡ್ಡಾಟಕ್ಕೆಂದು ಚೀಲ ಹಿಡಿದು ಇಳಿದುಬಂದೆ. ಅವಳು ಓಟಿಯೆನೋನನ್ನು ಯಾರ ಯಾರ ಚೀಲ ನೋಡುತ್ತೀಯ ಎಂದು ಕೇಳಿದಳು. ಕೆಲಸದವರದ್ದು ಎಂದ. ಆಗ ನನ್ನ ಕಡೆ ಗಲ್ಲ ತೋರಿಸಿ ಕೇಳಿದಳು: "ಮತ್ತೆ ಈಯಮ್ಮನದ್ದು?"

ಓಟಿಯೆನೋ ನಕ್ಕ. ಇವರು ಮನೆಯವರು ಎಂದ.

ಅಷ್ಟು ಸ್ವಾಹಿಲಿ ನನಗೆ ತಿಳಿಯುತ್ತದೆ. ಚೀಲವನ್ನು ಮೇಜಿನ ಮೇಲಿಟ್ಟೆ. ನೋಡು ಎಂದೆ. ಅವನು ಬೇಡ ಎಂದ, ನಾನು ಸುರಿದೇಬಿಟ್ಟೆ. ಸುಣ್ಣದ ಡಬ್ಬಿ ಉರುಳಿ ಮುಚ್ಚಳ ಬಿಚ್ಚಿತು. ಬೆಳ್ಳಗೆ ಅಂಟುಅಂಟಾದ ಆ ಪದಾರ್ಥ ನೋಡಿ ಅವನ ಮುಖ ಕಪ್ಪಿಟ್ಟಿತು. ಏನೋ ಅಮಲಿನ ಸಾಮಾನು ಸಾಗಿಸುವ ಮುದುಕಿ ಸಿಕ್ಕಿಬಿದ್ದಳು ಎಂದುಕೊಂಡಿರಬೇಕು. ಕೆರೂಬೋ ಎದ್ದು ಬಂದು ಬೆರಳಲ್ಲಿ ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಬೇಡ ಬೇಡ ಎನ್ನುವಷ್ಟರಲ್ಲಿ ಸುಟ್ಟುಕೊಂಡಿದ್ದಳು. ಕಣ್ಣಲ್ಲಿ ನೀರು ಬಂತು, ನಗು ಮಾತ್ರ ನಿಲ್ಲಲಿಲ್ಲ. ಮುಂದಿನ ಎರಡು ಹಲ್ಲು ಇಲ್ಲದ ಬಾಯಿ. ನಮ್ಮ ಪರಿಚಯವಾದದ್ದು ಹೀಗೆ.

ಆಮೇಲೆ ವಾರಕ್ಕೊಮ್ಮೆಯಾದರೂ ಅವಳು ಬರುತ್ತಿದ್ದಳು. ನಾನು ದಿನಾ ಚೀಲ ಸುರಿಯುತ್ತಿದ್ದೆ, ಅವಳು ಬಂದ ದಿನ ಜೊತೆಯಲ್ಲಿ ಕೂರುತ್ತಿದ್ದೆ. ಅವಳು ಹಿಂದೊಮ್ಮೆ ಗುಜರಾತಿಯವರ ಮನೆಗಳಲ್ಲೂ ಕೆಲಸ ಮಾಡಿದ್ದವಳು, ಗುಜರಾತಿ ಚೆನ್ನಾಗಿ ಬರುತ್ತಿತ್ತು. ನನಗೆ ಟೀವಿ ನೋಡಿ ಕಲಿತ ಹಿಂದಿ. ಎರಡನ್ನೂ ಸ್ವಾಹಿಲಿಯಲ್ಲಿ ಕಲಸಿ ಮಾತಾಡುತ್ತಿದ್ದೆವು. ತೀರಾ ಸಿಕ್ಕಿಕೊಂಡರೆ ದಿಯಾ ಬಿಡಿಸಿಕೊಡುತ್ತಿದ್ದಳು. ಕೆರೂಬೋ ನನ್ನನ್ನು ದಾದಾ ಎಂದು ಕರೆಯುತ್ತಿದ್ದಳು. ಇಲ್ಲಿ ದಾದಾ ಎಂದರೆ ಅಕ್ಕ. ನಮ್ಮ ಕಡೆ ದಾದಾ ಎಂದರೆ ಯಾರು ಎಂದು ನಿಮಗೆ ಗೊತ್ತು. ಅತ್ತೆಗೆ ಎರಡೂ ಒಪ್ಪುತ್ತದೆ ಎಂದು ಅಳಿಯ ಹೇಳಿದನಂತೆ. ಹೇಳಲಿ.

ಅವಳ ಕಥೆಯನ್ನು ಅವಳು ಹೇಳಿದಂತೆ ಹೇಳುತ್ತೇನೆ. ಅಪ್ಪ ಅಮ್ಮ ಟೀ ತೋಟದ ಕೂಲಿಗಳು. ಇನ್ನೂ ಬಿಳಿಯರ ಆಳ್ವಿಕೆ. ಮೊಲೆಹಾಲು ಬಿಡದ ಬಿಳಿ ಮಗುವನ್ನು ಆಡಿಸಲು ಇವಳನ್ನು ನೈರೋಬಿಗೆ ತಂದರು, ಇವಳೇ ಇನ್ನೂ ಮಗು. ದೊರೆಸಾನಿಗೆ ಕೆರೂಬೋ ಎಂದು ಕರೆಯಲು ಬೇಸರ. ಆ ಮನೆಯಲ್ಲಿ ಯಾವ ಆಯಾ ಬಂದರೂ ಮೇರಿಯೇ. ಇವಳೂ ಮೇರಿಯಾದಳು. ದೇಶಕ್ಕೆ ಸ್ವಾತಂತ್ರ್ಯ ಬಂತು, ದೊರೆಸಾನಿ ಹಡಗು ಹತ್ತಿದಳು, ಮನೆಗೆ ಬೇರೆಯವರು ಬಂದರು. ಸಾಮಾನಿನ ಜೊತೆ ಇವಳನ್ನೂ ಒಪ್ಪಿಸಿ ಹೋಗಿದ್ದಳು, ಹೆಸರಿನ ಸಮೇತ. ಹೊಸ ಯಜಮಾನರೂ ಮೇರಿ ಎಂದರು. ಅವರು ಇವಳ ಬಣ್ಣದವರೇ. "ಬಾವುಟ ಬದಲಾಯ್ತು ದಾದಾ, ಅಡುಗೆಮನೆಯಲ್ಲಿ ನಾನು ಮೇರಿಯಾಗೇ ಉಳಿದೆ" ಎಂದಳು.

ಭಾನುವಾರ ಚರ್ಚು ಮುಗಿದ ಮೇಲೆ ಪಾರ್ಕಿನ ಒಂದು ಮರದ ಕೆಳಗೆ ಆಯಾಗಳು ಸೇರುತ್ತಿದ್ದರು. ಅಲ್ಲಿ ಇವಳು ಒಂದೊಂದೇ ಕೇಳಲು ಶುರುಮಾಡಿದಳು. ನಿನ್ನ ನಿಜವಾದ ಹೆಸರೇನು? ನೀನು ಎಲ್ಲಿ ಕೂತು ಉಣ್ಣುತ್ತೀಯ? ವಾರಕ್ಕೆ ಒಂದು ದಿನ ನಿನ್ನ ಮಕ್ಕಳ ಮುಖ ನೋಡುತ್ತೀಯಾ? ಇಷ್ಟೇ ಪ್ರಶ್ನೆ. ಅದರಿಂದಲೇ ಸಂಘ ಹುಟ್ಟಿತು. ಹೆಸರು ಹಿಡಿದು ಕರೆಯಬೇಕು, ವಾರಕ್ಕೊಂದು ರಜೆ ಬೇಕು, ಉಣ್ಣುವಾಗ ಕೂರಬೇಕು ಎಂದು ಮನೆಮನೆಯ ಹೆಂಗಸರು ಕೇಳಲು ಕಲಿತರು. ಆಮೇಲೆ ಒಂದು ಕಾಲ ಬಂತು, ನಾಲ್ಕು ಜನ ಒಂದು ಕಡೆ ಸೇರಿದರೆ ಪೊಲೀಸರು ಬರುತ್ತಿದ್ದರು. ಕೆರೂಬೋ ಏನು ಮಾಡಿದಳು ಗೊತ್ತೇ? ಹುಟ್ಟುಹಬ್ಬ ಮಾಡಿದಳು. ವಾರವಾರವೂ ಯಾವುದೋ ಮಗುವಿನ ಹುಟ್ಟುಹಬ್ಬ, ಕೇಕು, ಬಲೂನು, ಒಳಗೆ ಸಭೆ. ಬಂದ ಪೊಲೀಸರಿಗೂ ಕೇಕು ಕೊಟ್ಟಳು. ಒಂದೇ ಮಗುವಿಗೆ ಒಂದೇ ವರ್ಷದಲ್ಲಿ ಬಹಳ ಸಲ ವಯಸ್ಸಾಗಿ ಸಿಕ್ಕಿಬಿದ್ದಳು.

ಜೈಲಿನಲ್ಲಿ ಹೋದ ಹಲ್ಲು ಅವು. ಸಂಘದವರು ಕಟ್ಟಿಸಿಕೊಡುತ್ತೇವೆಂದರೂ ಕಟ್ಟಿಸಿಕೊಳ್ಳಲಿಲ್ಲ. "ಇದು ಸರ್ಕಾರ ನನಗೆ ಕೊಟ್ಟ ರಸೀತಿ. ರಸೀತಿ ಯಾರಾದರೂ ಮುಚ್ಚಿಡ್ತಾರಾ?" ಎಂದಳು. ಆ ಸಂದಿಯಿಂದ ಅವಳ ಮಾತಿನ ಜೊತೆ ಸಣ್ಣ ಶಿಳ್ಳೆ ಬರುತ್ತಿತ್ತು.

ನಾನೂ ನನ್ನ ಚೌಡಮ್ಮನ ಕಥೆ ಹೇಳಿದೆ. ಗಂಡನಿಗೂ ಹೇಳಿರಲಿಲ್ಲ. ಅವಳು ಅಯ್ಯೋ ಪಾಪ ಎನ್ನಲಿಲ್ಲ. ಅಂದಿದ್ದರೆ ಎದ್ದು ಹೋಗುತ್ತಿದ್ದೆ. ಆ ಹೆಂಗಸಿನ ತಲೆಯನ್ನು ಯಾರು ನೋಡುತ್ತಿದ್ದರು ಎಂದು ಕೇಳಿದಳು. ಯೋಚಿಸಿದೆ. ಎಲ್ಲರೂ ಹೋದ ಮೇಲೆ ಚೌಡಮ್ಮನ ಗಂಟನ್ನು ಮೇಸ್ತ್ರಿ ಬಿಚ್ಚಿ ನೋಡುತ್ತಿದ್ದ. ಗಂಡಸು. ಇಷ್ಟು ವರ್ಷ ಆಕೆಯನ್ನು ಶಪಿಸಿದ್ದೆ, ಇದು ಹೊಳೆದೇ ಇರಲಿಲ್ಲ.

ಸುಮತಿಗೆ ನನ್ನ ಈ ಚೀಲದ ಸೇವೆ ಹಿಡಿಸಲಿಲ್ಲ. "ಅಮ್ಮ, ನಾವು ಇಲ್ಲಿ ವೀಸಾ ಮೇಲೆ ಇರೋರು. ಊರಿಗೆ ಬಂದೋರು ನೀರಿಗೆ ಬರಲ್ವಾ ಅಂತ ಎಲ್ಲದಕ್ಕೂ ಇಳೀಬೇಡ" ಎಂದಳು. ಇವಳ ಆಫೀಸಿನಲ್ಲಿ ಮನುಷ್ಯರ ಹಕ್ಕಿನ ಬಗ್ಗೆ ದಪ್ಪ ದಪ್ಪ ಪುಸ್ತಕ ಮಾಡುತ್ತಾರೆ. ಅದನ್ನೇ ಹೇಳಿದೆ.

ನನಗೆ ನಿಜವಾಗಿ ಬೇಸರವಾದದ್ದು ನಫೂಲಾಳಿಂದ. ಅವಳಿಗಾಗಿಯೇ ಇಷ್ಟೆಲ್ಲ ಆಗುತ್ತಿದ್ದರೆ ಅವಳು ತಲೆ ತಗ್ಗಿಸಿ, ಚೀಲ ಸುರಿದು, ಮತ್ತೆ ತುಂಬಿಕೊಂಡು, ಕೆರೂಬೋ ಕಡೆ ತಿರುಗಿಯೂ ನೋಡದೆ ಹೋಗಿಬಿಡುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟೆ. ಪಾತ್ರೆ ತಿಕ್ಕುತ್ತಲೇ ಉತ್ತರ ಕೊಟ್ಟಳು: "ನ್ಯಾನ್ಯಾ, ನೀವು ಒಂದು ದಿನ ಇಂಡಿಯಾಕ್ಕೆ ಹೋಗ್ತೀರಿ. ನಾನು ಇದೇ ಗೇಟು ದಾಟಬೇಕು."

ನಾನು ಅದನ್ನು ಹೇಡಿತನ ಎಂದು ಕೆರೂಬೋ ಹತ್ತಿರ ದೂರಿದೆ. ಅವಳು ನನ್ನ ಮೇಲೆ ಸಿಟ್ಟಾದದ್ದು ಆವತ್ತೊಂದೇ ದಿನ. ನಿನ್ನ ಚೀಲ ಸುರಿದರೆ ನಿನಗೇನೂ ಹೋಗುವುದಿಲ್ಲ, ಅದಕ್ಕೇ ನಿನಗೆ ಸುಲಭ ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಹೆದರಿದವರನ್ನ ಬೈಬೇಡ ದಾದಾ. ಅವರು ಲೆಕ್ಕ ಹಾಕ್ತಾ ಇರ್ತಾರೆ. ಕಾಯಿ" ಎಂದಳು. ನನಗೆ ಕಾಯುವುದು ಬರುವುದಿಲ್ಲ. ಹಾಲು ಕಾಯಿಸಲು ಇಟ್ಟರೂ ಬೆರಳು ಅದ್ದಿ ನೋಡುವವಳು ನಾನು.

ಕಾದದ್ದೂ ಆಯಿತು. ಅವಳೇ ಕಾಯಲಿಲ್ಲ. ಮಳೆಗಾಲದ ಚಳಿಗೆ ಎದೆ ಕಟ್ಟಿ ಆಸ್ಪತ್ರೆ ಸೇರಿದಳು, ಒಂದು ವಾರದಲ್ಲಿ ತೀರಿಕೊಂಡಳು. ದೇಶದ ಮನೆಗಳಲ್ಲಿ ಎಷ್ಟೋ ಗೆದ್ದವಳು. ನಮ್ಮ ಗೇಟಿನ ಮೇಜೊಂದು ಉಳಿದುಹೋಗಿತ್ತು.

ಪೇಪರಿನ ಮೊದಲ ಪುಟದಲ್ಲಿ ಬಂದಳು. ಟೀವಿಯಲ್ಲಿ ದೊಡ್ಡದೊಡ್ಡವರು ತಾಯಿ ಹೋದಳು ಎಂದು ಕರ್ಚೀಫು ಒತ್ತಿಕೊಂಡರು. ಜೈಲಿಗೆ ಹಾಕಿಸಿದ ಕಾಲದವರೂ ಅದರಲ್ಲಿದ್ದರಂತೆ. ಇರಲಿ, ಸತ್ತ ಎಮ್ಮೆಗೆ ಮೊಳದುದ್ದ ಕೊಂಬು ಎಂಬುದು ನಮ್ಮ ಗಾದೆ, ಊರು ಯಾವುದಾದರೇನು. ನಾನು ಎಂಬಕಸಿಗೆ ಹೋದೆ. ಇಲ್ಲಿ ಹೆಣವನ್ನು ಹುಟ್ಟೂರಿಗೆ ಒಯ್ಯುವವರೆಗೆ ದಿನಾ ಸಂಜೆ ಮನೆಯಲ್ಲಿ ಜನ ಸೇರಿ ಹಾಡುತ್ತಾರೆ, ಮಾತಾಡುತ್ತಾರೆ, ಎಲ್ಲರಿಗೂ ಟೀ ಕೊಡುತ್ತಾರೆ. ಸಾವಿನ ಮನೆಯಲ್ಲಿ ನಾವು ನೀರೂ ಮುಟ್ಟುವವರಲ್ಲ. ಲೋಟ ಹಿಡಿದುಕೊಂಡು ಒದ್ದಾಡಿದೆ. ಕುಡಿಯದಿದ್ದರೆ ಕೆರೂಬೋನೇ ಎದ್ದು ಬಂದು ಯಾಕೆ ಎಂದು ಕೇಳಿಯಾಳು ಎನಿಸಿ ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು. ಹೊರಡುವಾಗ ಮಾತ್ರ, ಅಂಥ ಮನೆಯಲ್ಲಿ ಬರ್ತೀನಿ ಎನ್ನಬಾರದೆಂದು ಸುಮ್ಮನೆ ಎದ್ದು ಬಂದೆ. ಅವಳ ಮೊಮ್ಮಗಳು ಬೀದಿಯವರೆಗೆ ಓಡಿಬಂದು, ಹೇಳದೆ ಹೋಗುತ್ತೀರಲ್ಲ, ಕೋಪವೇ ಎಂದು ಕೇಳಿದಳು. ಏನೆಂದು ಹೇಳಲಿ ಆ ಮಗುವಿಗೆ? ಕೈ ಹಿಡಿದುಕೊಂಡು ಬರ್ತೀನಿ ಅಂದೆ.

ಈಗ ನಮ್ಮವರು ಮಾಡಿದ ಕೆಲಸ ಕೇಳಿ. ಇಂಥ ದೊಡ್ಡ ಹೆಂಗಸು ನಮ್ಮ ಗೇಟಿಗೆ ಬಂದು ಹೋಗುತ್ತಿದ್ದಳು ಎಂಬುದು ಪೇಪರು ನೋಡಿದ ಮೇಲೆ ಎಲ್ಲರಿಗೂ ಹೆಮ್ಮೆಯಾಯಿತು. ಒಂದು ಶ್ರದ್ಧಾಂಜಲಿ ಮಾಡೋಣ ಎಂದ ಶ್ರೀಧರ. ಮಾಡುವುದನ್ನು ಅಚ್ಚುಕಟ್ಟಾಗಿ ಮಾಡುತ್ತಾನೆ. ದೊಡ್ಡ ಫೋಟೋ, ಗುಲಾಬಿ ಹಾರ, ಊದುಬತ್ತಿ. ಫೋಟೋ ಇಡಲು ಎತ್ತರದ ಜಾಗ ಬೇಕಿತ್ತು. ಗೇಟಿನ ಪಕ್ಕದಲ್ಲಿ ಇದ್ದದ್ದು ಅದೊಂದೇ ಮೇಜು. ಅದರ ಮೇಲೆ ಬಿಳಿ ಪಂಚೆ ಹಾಸಿ ಇಟ್ಟರು.

ನಾನು ಇಳಿದುಬಂದು ನೋಡಿದೆ. ಯಾವ ಮೇಜನ್ನು ತೆಗೆಸಲು ಆ ಮುದುಕಿ ಎರಡೆರಡು ಮಟಾಟು ಹತ್ತಿ ಬಂದಳೋ ಅದರ ಮೇಲೆ ಅವಳನ್ನೇ ಕೂರಿಸಿದ್ದರು. ಬಾಯಿಗೆ ಬಂದದ್ದನ್ನು ಅನ್ನಲು ಹೊರಟಿದ್ದೆ, ಅಷ್ಟರಲ್ಲಿ ಶ್ರೀಧರ ಬೆಂಕಿಪೊಟ್ಟಣ ಕೊಟ್ಟ. "ಅಮ್ಮ, ನೀವೇ ಹಿರಿಯರು, ದೀಪ ಹಚ್ಚಿ" ಎಂದ. ಮದುವೆ ಮುಂಜಿಯಲ್ಲಿ ದೀಪ ಹಚ್ಚಲು ನನ್ನಂಥವಳನ್ನು ಯಾರೂ ಕರೆಯುವುದಿಲ್ಲ. ಸಾವಿಗೆ ಕರೆದರು. ಸುಮ್ಮನೆ ಹಚ್ಚಿದೆ. ಗಾಳಿಗೆ ಆರದಿರಲೆಂದು ಸುಮತಿಯ ಗಾಜಿನ ಹೂದಾನಿ ತರಿಸಿ ದೀಪವನ್ನು ಅದರೊಳಗೆ ಇಟ್ಟೆ. ಎಲ್ಲರೂ ಎರಡು ನಿಮಿಷ ತಲೆ ತಗ್ಗಿಸಿ ನಿಂತರು. ಶ್ರೀಧರ ಇಂಗ್ಲಿಷಿನಲ್ಲಿ ಭಾಷಣ ಮಾಡಿದ. ಅಲ್ಲಿಗೆ ಮುಗಿಯಿತು ಎಂದುಕೊಂಡು ಮನೆಗೆ ಹೋದರು.

ಮುಗಿಯಲಿಲ್ಲ. ಸಂಜೆ ಕೆಲಸದವರು ಹೊರಟರು. ಚೀಲ ಎಲ್ಲಿ ಸುರಿಯುವುದು? ಮೇಜಿನ ಮೇಲೆ ದೀಪ ಉರಿಯುತ್ತಿದೆ. ಓಟಿಯೆನೋ ಅದನ್ನು ಮುಟ್ಟಲು ಒಪ್ಪಲಿಲ್ಲ. ಅವನ ತಾಯಿಯೂ ಮನೆಗೆಲಸದವಳು, ಭಾನುವಾರ ಅಮ್ಮ ಮನೆಯಲ್ಲಿ ಇರುತ್ತಿದ್ದದ್ದು ಕೆರೂಬೋ ದೆಸೆಯಿಂದ ಎಂದು ಅವನಿಗೆ ಗೊತ್ತಿತ್ತು. ಶ್ರೀಧರ ಬಂದ. ಫೋಟೋ ಎತ್ತಿ ಒಳಗಿಡೋಣ ಎಂದ. ದೀಪ? ಎಂದೆ.

"ಆರಿಸಿ ಇಡೋಣ ಅಮ್ಮ."

"ಸತ್ತವರ ಮುಂದೆ ಹಚ್ಚಿದ ದೀಪ ಹದಿಮೂರು ದಿನ ಆರಬಾರದು ಕಣಪ್ಪ. ಕದಲಿಸಲೂ ಬಾರದು. ನಿಮ್ಮಮ್ಮ ಹೇಳಿಕೊಟ್ಟಿಲ್ವಾ?"

ಹೇಳಿಕೊಟ್ಟಿದ್ದರು. ಅದೇ ಅವನ ಕಷ್ಟ. ಅಲ್ಲೇ ನಿಂತು ಮೈಸೂರಿಗೆ ಫೋನು ಮಾಡಿದ. ಆ ತಾಯಿಯ ದನಿ ನನಗೂ ಕೇಳಿಸಿತು. ಯಾರ ದೀಪ, ಯಾಕೆ ಹಚ್ಚಿದೆ ಎಂದು ಒಂದನ್ನೂ ಕೇಳಲಿಲ್ಲ, ಮುಟ್ಟಿಗಿಟ್ಟೀಯ ಎಂದು ಬೈದು ಫೋನಿಟ್ಟರು. ಔಷಧಿ ಕಾರ್ಖಾನೆಯ ಮ್ಯಾನೇಜರು ಒಂದು ಬತ್ತಿಗೆ ಸೋತ. ನಾನು ದೇವರ ಬಗ್ಗೆ ಅಷ್ಟೇನೂ ಗಾಬರಿ ಇಟ್ಟುಕೊಂಡವಳಲ್ಲ. ಸಾವಿನ ಮನೆಯಲ್ಲಿ ಟೀ ಕುಡಿದು ಬಂದವಳು. ಆದರೆ ಅವನಿಗೆ ಅದನ್ನು ಹೇಳುವ ಅಗತ್ಯ ಕಾಣಲಿಲ್ಲ.

ಅಷ್ಟೂ ದಿನ ಬೆಳಿಗ್ಗೆ ಸಂಜೆ ಇಳಿದು ಎಣ್ಣೆ ಹಾಕಿದೆ. ಕೆಲಸದವರು ಚೀಲ ಹೆಗಲಿಗೆ ಹಾಕಿಕೊಂಡು ಫೋಟೋಗೆ ತಲೆಬಾಗಿ ನೇರ ನಡೆದು ಹೋದರು. ಯಾರ ಮನೆಯಲ್ಲೂ ಏನೂ ಕಳೆಯಲಿಲ್ಲ. ನನ್ನ ಮನಸ್ಸಿನಲ್ಲಿ ಒಂದೇ ಕೊರೆತ: ಹದಿನಾಲ್ಕನೆಯ ದಿನ ಏನು? ದೀಪದಿಂದ ಸಿಕ್ಕಿದ್ದು ದೀಪದ ಜೊತೆ ಹೋಗುತ್ತದೆ. ವರ್ಷದವರೆಗೆ ಉರಿಸಬೇಕು ಎಂದು ಹೊಸ ಶಾಸ್ತ್ರ ಹುಟ್ಟಿಸೋಣವೇ ಎಂದೂ ಯೋಚಿಸಿದೆ. ಶ್ರೀಧರನ ತಾಯಿ ನನಗಿಂತ ಶಾಸ್ತ್ರ ತಿಳಿದವರು, ಸಿಕ್ಕಿಬೀಳುತ್ತಿದ್ದೆ.

ಹದಿಮೂರು ಕಳೆಯಿತು. ಮಾರನೆಯ ಬೆಳಿಗ್ಗೆ ಫೋಟೋ ಹೋಯಿತು, ಪಂಚೆ ಹೋಯಿತು. ಮೇಜು ಬೋಳಾಗಿ ನಿಂತಿತು. ಸಂಜೆ ನಾನು ಕೆಳಗೆ ಬಂದು ಕಲ್ಲಿನ ಮೇಲೆ ಕೂತೆ. ನಫೂಲಾ ಎಲ್ಲರಿಗಿಂತ ಮುಂದೆ ಬಂದಳು. ಅದೇ ಹೊತ್ತಿಗೆ ಶ್ರೀಧರ ಕಾರಿನಲ್ಲಿ ಗೇಟಿಗೆ ಬಂದ, ಕಿಟಕಿ ಇಳಿಸಿ ಓಟಿಯೆನೋಗೆ ಶುರುಮಾಡು ಎಂದ.

ನಫೂಲಾ ಚೀಲವನ್ನು ಮೇಜಿನ ಮೇಲಿಟ್ಟಳು. ಸುರಿಯಲಿಲ್ಲ. ಚೀಲದ ಬಾಯಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಶ್ರೀಧರನ ಕಡೆ ತಿರುಗಿದಳು. ದನಿ ಏರಿಸದೆ ಹೇಳಿದಳು.

"ನಿಮ್ಮ ಚೀಲ ಮೊದಲು ಸರ್. ಆಮೇಲೆ ನಂದು."

ಹಿಂದಿನವಳು ಅವಳ ಚೀಲದ ಪಕ್ಕ ತನ್ನದನ್ನು ಇಟ್ಟಳು. ಅವಳ ಹಿಂದಿನವಳೂ ಇಟ್ಟಳು. ಒಂದರ ಮೇಲೊಂದು ಚೀಲ ಬಿದ್ದು ರಾಶಿಯಾಯಿತು. ಶ್ರೀಧರನ ಹಿಂದೆ ಕಾರುಗಳು ನಿಂತವು, ಹಾರನ್ನು ಶುರುವಾಯಿತು. ಅವನು ನನ್ನ ಕಡೆ ನೋಡಿದ. "ಅಮ್ಮ, ನೀವಾದರೂ ಹೇಳಿ ಇವಳಿಗೆ" ಎಂದ.

ನನ್ನ ಆಯುಸ್ಸಿನಲ್ಲಿ ಬಾಯಿ ಮುಚ್ಚಿಕೊಂಡ ಸಂದರ್ಭ ಕಡಿಮೆ. ಆವತ್ತು ಮುಚ್ಚಿಕೊಂಡೆ. ನನ್ನ ಚೀಲವನ್ನೂ ಮಡಿಲಲ್ಲೇ ಇಟ್ಟುಕೊಂಡೆ. ಕೊನೆಗೆ ಇಷ್ಟೇ ಅಂದೆ: "ನನ್ನನ್ನ ಯಾಕೆ ಕೇಳ್ತೀಯಪ್ಪ, ನಿನ್ನ ಹತ್ರ ಮಾತಾಡ್ತಿರೋಳು ಅವಳು."

ಶ್ರೀಧರ ಇಳಿದ. ಅವನು ಕೆಟ್ಟವನಲ್ಲ ಎಂದು ಮೊದಲೇ ಹೇಳಿದ್ದೇನೆ. ಕೆಂಪು ಮುಖ ಮಾಡಿಕೊಂಡು ಆಫೀಸಿನ ಚೀಲ ತಂದು ಮೇಜಿನ ಮೇಲಿಟ್ಟು ಜಿಪ್ಪು ಎಳೆದ. ಲ್ಯಾಪ್‌ಟಾಪು ಬಂತು, ಮೊಸರನ್ನದ ಖಾಲಿ ಡಬ್ಬಿ ಬಂತು. ಅದರ ಕೆಳಗಿನಿಂದ ಹೋಟೆಲಿನ ಸಣ್ಣ ಸಣ್ಣ ಸೋಪು, ಶಾಂಪೂ ಬಾಟಲಿ, ಸಕ್ಕರೆ ಪೊಟ್ಟಣಗಳು ಉದುರಿದವು. ಹಿಂದಿನ ವಾರ ಮೀಟಿಂಗಿಗೆಂದು ಮೊಂಬಾಸಾಕ್ಕೆ ಹೋಗಿ ಬಂದಿದ್ದ. ಓಟಿಯೆನೋ ಒಂದು ಸೋಪು ಎತ್ತಿ ಹಿಡಿದು, ಬಹಳ ಮರ್ಯಾದೆಯಿಂದ, ಇದು ಹೋಟೆಲಿನವರು ಕೊಟ್ಟದ್ದೋ ನೀವು ತೆಗೆದುಕೊಂಡದ್ದೋ ಎಂದು ಕೇಳಿದ. ಮೊದಲು ನಕ್ಕವಳು ಯಾರೋ ಗೊತ್ತಿಲ್ಲ. ಆಮೇಲೆ ಸಾಲೆಲ್ಲ ನಕ್ಕಿತು. ಪುಣ್ಯಕ್ಕೆ ಶ್ರೀಧರನೂ ನಕ್ಕ.

ನಫೂಲಾ ನಗಲಿಲ್ಲ. ಅವನು ತನ್ನ ಚೀಲ ಮತ್ತೆ ತುಂಬಿಕೊಳ್ಳುವವರೆಗೆ ಕಾದು, ತನ್ನ ಚೀಲ ತೆರೆದು ತೋರಿಸಿದಳು. ಆಡಿದ ಮಾತಿನಂತೆ ನಡೆಯಬೇಕಲ್ಲ. ಒಳಗೆ ಒಂದು ಸ್ವೆಟರು, ಒಂದು ಬೈಬಲು. ಅವನು ನೋಡದೆ, ಸಾಕು ಬಿಡಿ, ಇನ್ನು ಬೇಡ ಎಂದ. ಇವತ್ತು ಬೇಡವೋ ಇನ್ನು ಮುಂದೆ ಬೇಡವೋ ಎಂದು ಅವಳು ಕೇಳಿದಳು. ಅವನು ಇನ್ನು ಮುಂದೆ ಎನ್ನುವವರೆಗೆ ಅಲ್ಲೇ ನಿಂತಿದ್ದಳು. ಹಾರನ್ನು ಹೊಡೆಯುತ್ತಲೇ ಇತ್ತು.

ಮಾರನೆಯ ದಿನ ಮಧ್ಯಾಹ್ನ ನೋಡಿದರೆ ಗೇಟಿನಲ್ಲಿ ಮೇಜಿಲ್ಲ. ಕಮಿಟಿಯವರು ತೆಗೆಸಿಲ್ಲ, ಓಟಿಯೆನೋಗೆ ಗೊತ್ತಿಲ್ಲ, ಅವನ ಗೊತ್ತಿಲ್ಲ ಎನ್ನುವ ಮುಖ ನೋಡಿದರೆ ಎಲ್ಲ ಗೊತ್ತಾಗುತ್ತಿತ್ತು. ಕಟ್ಟಡದ ಹಿಂದೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಕೆಲಸದವರು ಮಧ್ಯಾಹ್ನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಉಣ್ಣುವ ಒಂದು ಜಾಗವಿದೆ. ಮಂಡಿ ಹಿಡಿದುಕೊಂಡು ಅಲ್ಲಿಗೆ ಹೋದೆ. ಮೇಜು ಅಲ್ಲಿತ್ತು. ಅದರ ಮೇಲೆ ಡಬ್ಬಿಗಳು, ಒಂದು ತಟ್ಟೆ ಸೊಪ್ಪು, ಬಿಸಿ ಹಿಟ್ಟು. ಅದನ್ನು ಇವರು ಉಗಾಲಿ ಎನ್ನುತ್ತಾರೆ, ನಾವು ಮುದ್ದೆ ಎನ್ನುತ್ತೇವೆ. ಎಲ್ಲಿಂದಲೋ ತಂದ ಬೆಂಚುಗಳ ಮೇಲೆ ಸುತ್ತ ಕೂತು ಉಣ್ಣುತ್ತಿದ್ದರು. ನಫೂಲಾ ಮೊಣಕೈ ಊರಿಕೊಂಡು ಏನೋ ಹೇಳಿ ನಗಿಸುತ್ತಿದ್ದಳು.

ಇಷ್ಟು ವರ್ಷ ಅವಳು ಉಣ್ಣುವಾಗ ನಾನು ಅಡುಗೆಮನೆಗೆ ಹೋದರೆ ತುತ್ತು ಬಿಟ್ಟು ಎದ್ದು ನಿಲ್ಲುತ್ತಿದ್ದಳು. ಕೂತ್ಕೊಳೇ ಎಂದು ಬೈದರೂ ಎದ್ದು ನಿಲ್ಲುತ್ತಿದ್ದಳು. ಆವತ್ತು ನನ್ನನ್ನು ನೋಡಿದಳು, ಏಳಲಿಲ್ಲ. ತುತ್ತು ಬಾಯಿಗಿಟ್ಟುಕೊಂಡು, ಪಕ್ಕಕ್ಕೆ ಸರಿದು, ಬೆಂಚಿನ ಮೇಲೆ ನನಗೆ ಜಾಗ ಮಾಡಿದಳು.